ಹೆಸರು ಕೊಟ್ಟ ಮಾತು



ಸಾಹಿತ್ಯ, ಇತಿಹಾಸ, ಶಾಸನಗಳ ಮಾತು ಕೇಳಿ ರೂಢಿಯಾದ ಈ ವೇದಿಕೆಯಲ್ಲಿ ಪ್ರೋಗ್ರಾಮಿಂಗ್ ಭಾಷೆಯ ವಿಷಯ ಎತ್ತುವುದಕ್ಕೆ ಸ್ವಲ್ಪ ಧೈರ್ಯ ಬೇಕು. ವಿಷಯದ ಆಯ್ಕೆಯನ್ನು ನನಗೇ ಬಿಟ್ಟಿದ್ದೀರಿ. ಆ ಸಲಿಗೆ ತೆಗೆದುಕೊಂಡು, ಆ ದೊಡ್ಡ ವಿಷಯದಲ್ಲೂ ಒಂದು ಸಣ್ಣ ಮೂಲೆಯನ್ನು ಆರಿಸಿಕೊಂಡಿದ್ದೇನೆ: ಭಾಷೆಯ ಜೊತೆಗೇ ಬರುವ ಫಂಕ್ಷನ್‌ಗಳಿಗೆ ಹೆಸರಿಡುವ ಕೆಲಸ. ಸಭೆಯಲ್ಲಿ ದಿನವೂ ಕೋಡ್ ಬರೆಯುವವರಿದ್ದೀರಿ, ಒಂದು ಸಾಲೂ ಬರೆಯದವರೂ ಇದ್ದೀರಿ. ಮೊದಲು ಎರಡನೆಯವರಿಗಾಗಿ ನಾಲ್ಕು ಮಾತು.

ಫಂಕ್ಷನ್ ಎಂದರೆ ಹೆಸರಿಟ್ಟ ಒಂದು ಕೆಲಸ. ನೀವು ಏನನ್ನೋ ಕೊಡುತ್ತೀರಿ, ಅದು ಏನನ್ನೋ ಹಿಂದಿರುಗಿಸುತ್ತದೆ. ಕೋಡ್ ಬರೆಯುವವರು ತಮ್ಮ ಅಗತ್ಯಕ್ಕೆ ತಕ್ಕಂತೆ ಇಂಥವನ್ನು ನೂರಾರು ಬರೆದುಕೊಳ್ಳುತ್ತಾರೆ. ಅವಕ್ಕೆ ಎಂಥ ಹೆಸರಿಟ್ಟರೂ ಅದು ಅವರವರ ಮನೆಯ ವಿಚಾರ, ನಾಳೆ ಬೇಡವೆನಿಸಿದರೆ ಬದಲಾಯಿಸಬಹುದು. ಆದರೆ ಪಟ್ಟಿಯ ಉದ್ದ ಹೇಳುವುದು, ಅದನ್ನು ಅನುಕ್ರಮವಾಗಿ ಜೋಡಿಸುವುದು, ದೊಡ್ಡ ಸಂಖ್ಯೆಯನ್ನು ಹೆಕ್ಕುವುದು, ಪದದೊಳಗೆ ಪದ ಹುಡುಕುವುದು ಎಲ್ಲರಿಗೂ ಬೇಕು. ಹಾಗಾಗಿ ಭಾಷೆಯನ್ನು ಕಟ್ಟಿದವರೇ ಅವನ್ನು ಬರೆದು ಒಳಗೆ ಕೂರಿಸಿರುತ್ತಾರೆ. ಅವೇ ಬಿಲ್ಟ್-ಇನ್ ಫಂಕ್ಷನ್‌ಗಳು. ಕೆಲವು ಭಾಷೆಗಳಲ್ಲಿ ಅವು ನಿಜಕ್ಕೂ ಒಳಗೇ ಇರುತ್ತವೆ, ಕೆಲವದರಲ್ಲಿ ಜೊತೆಗೆ ಬರುವ ಲೈಬ್ರರಿಯಲ್ಲಿರುತ್ತವೆ. ಇಂದಿನ ಮಾತಿಗೆ ಆ ವ್ಯತ್ಯಾಸ ಬೇಡ. ಬೆರಳೆಣಿಕೆಯ ಜನ ಒಂದು ಕೋಣೆಯಲ್ಲಿ ಕೂತು ಇಟ್ಟ ಹೆಸರನ್ನು ಲಕ್ಷಾಂತರ ಜನ, ಆ ಕೋಣೆಯನ್ನು ಎಂದೂ ನೋಡದವರು, ದಶಕಗಟ್ಟಲೆ ಟೈಪ್ ಮಾಡುತ್ತಾರೆ ಎನ್ನುವುದಷ್ಟೇ ಮುಖ್ಯ.

ಯಂತ್ರಕ್ಕೆ ಹೆಸರಿನ ಹಂಗಿಲ್ಲ. ಆದರೂ ಮೊದಮೊದಲು ಹೆಸರುಗಳನ್ನು ತೀರ್ಮಾನಿಸಿದ್ದು ಯಂತ್ರವೇ. 1956ರ ಫೋರ್ಟ್ರಾನ್ ಭಾಷೆಯ ಕೈಪಿಡಿಯಲ್ಲಿ ಫಂಕ್ಷನ್ ಹೆಸರು ನಾಲ್ಕರಿಂದ ಏಳು ಅಕ್ಷರ ಇರಬೇಕು, ಕೊನೆಯ ಅಕ್ಷರ 'ಎಫ್' ಆಗಿರಬೇಕು, ಉತ್ತರ ಪೂರ್ಣಾಂಕವಾದರೆ ಮೊದಲ ಅಕ್ಷರ 'ಎಕ್ಸ್' ಇರಬೇಕು ಎಂಬ ಕಟ್ಟಳೆ ಇತ್ತು. ಫಂಕ್ಷನ್ ಕರೆಯುವಾಗಲೂ ಆವರಣ ಚಿಹ್ನೆ, ಪಟ್ಟಿಯೊಳಗಿನ ಒಂದು ಸಂಖ್ಯೆಯನ್ನು ತೆಗೆಯುವಾಗಲೂ ಆವರಣ ಚಿಹ್ನೆ. ಯಾವುದು ಯಾವುದೆಂದು, ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್‌ಗೆ ತಿಳಿಯಲು ಬಾಲದಲ್ಲೊಂದು ಗುರುತು ಬೇಕಿತ್ತು. ಮುಂದಿನ ಆವೃತ್ತಿಗಳಲ್ಲಿ ಆ ಬಾಲ ಹೋಯಿತು, ಆದರೆ ಹೊಸ ಹೊರೆ ಬಂತು. 1966ರ ಫೋರ್ಟ್ರಾನ್ ಮಾನಕದಲ್ಲಿ 'ಇವುಗಳಲ್ಲಿ ದೊಡ್ಡದು ಯಾವುದು' ಎಂದು ಕೇಳಲು ಐದು ಹೆಸರುಗಳಿದ್ದವು. ಕೊಡುವ ಸಂಖ್ಯೆ ಯಾವ ಬಗೆಯದು, ಬರುವ ಉತ್ತರ ಯಾವ ಬಗೆಯದು ಎನ್ನುವುದರ ಮೇಲೆ ಹೆಸರು ಬದಲಾಗುತ್ತಿತ್ತು. 'ಮ್ಯಾಕ್ಸ್' ಎಂಬ ಒಂದೇ ಹೆಸರು ಸಾಕು ಎನ್ನಲು ಫೋರ್ಟ್ರಾನ್ 77 ಬರಬೇಕಾಯಿತು.

ಸಿ ಭಾಷೆಯ ಮೊಟುಕು ಹೆಸರುಗಳ ಹಿಂದೆಯೂ ಯಂತ್ರವಿದೆ. ಕೋಡ್‌ನ ತುಂಡುಗಳನ್ನು ಜೋಡಿಸುವ ಅಂದಿನ ಲಿಂಕರ್‌ಗಳಲ್ಲಿ ಎಷ್ಟೋ ಹೆಸರಿನ ಮೊದಲ ಆರು ಅಕ್ಷರಗಳನ್ನಷ್ಟೇ ನೋಡುತ್ತಿದ್ದವು. 1989ರ ಸಿ ಮಾನಕ ಕೂಡ ಆರಕ್ಕಿಂತ ಹೆಚ್ಚಿನ ಭರವಸೆ ಕೊಡಲಿಲ್ಲ. 'ಸ್ಟ್ರಿಂಗ್ ಕಾಪಿ' ಎನ್ನಬೇಕಾದ್ದು 'ಸ್ಟ್ರ್‌ಸಿಪಿವೈ' ಆಗಿದ್ದು ಹೀಗೆ. ಯೂನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯಲ್ಲಿ ಫೈಲ್ ಸೃಷ್ಟಿಸುವ ಕರೆಯ ಹೆಸರು ಇಂಗ್ಲಿಷಿನ 'ಕ್ರಿಯೇಟ್'. ಆದರೆ ಅದರ ಕೊನೆಯ 'ಇ' ಇಲ್ಲ. ಯೂನಿಕ್ಸನ್ನು ಮತ್ತೆ ಕಟ್ಟುವುದಾದರೆ ಏನು ಬದಲಾಯಿಸುತ್ತೀರಿ ಎಂದು ಅದನ್ನು ಕಟ್ಟಿದವರಲ್ಲೊಬ್ಬರಾದ ಕೆನ್ ಥಾಂಪ್ಸನ್ ಅವರನ್ನು ಕೇಳಿದಾಗ, ಆ 'ಇ'ಯನ್ನು ಸೇರಿಸುತ್ತೇನೆ ಎಂದರಂತೆ.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಪಿಎಚ್‌ಪಿಯ ಕಥೆ. ಅದನ್ನು ಹುಟ್ಟುಹಾಕಿದ ರಾಸ್ಮಸ್ ಲೆರ್ಡಾರ್ಫ್ 2013ರಲ್ಲಿ ತಾವೇ ಹೇಳಿಕೊಂಡಿದ್ದಾರೆ. ಭಾಷೆಯಲ್ಲಿ ನೂರಕ್ಕಿಂತ ಕಡಿಮೆ ಫಂಕ್ಷನ್‌ಗಳಿದ್ದ ಕಾಲ. ಹೆಸರು ಕೊಟ್ಟರೆ ಫಂಕ್ಷನ್ ಹುಡುಕಿಕೊಡುವ ವ್ಯವಸ್ಥೆ ಆಗ ಹೆಸರಿನ ಉದ್ದದ ಮೇಲೆ ನಡೆಯುತ್ತಿತ್ತು. ಒಂದೇ ಉದ್ದದ ಹೆಸರುಗಳು ಹೆಚ್ಚಾದರೆ ಹುಡುಕಾಟ ನಿಧಾನ. ಹಾಗಾಗಿ ಬೇರೆ ಬೇರೆ ಉದ್ದದ ಹೆಸರುಗಳನ್ನು ಬೇಕೆಂದೇ ಇಟ್ಟರು. 'ಎಚ್‌ಟಿಎಂಎಲ್‌ಸ್ಪೆಷಲ್‌ಚಾರ್ಸ್' ಎಂಬ ಹದಿನಾರು ಅಕ್ಷರಗಳ ಹೆಸರು ಬಂದದ್ದು ಹೀಗೆ. ಆ ವ್ಯವಸ್ಥೆ ಯಾವತ್ತೋ ಹೋಯಿತು. ಹೆಸರು ಇಂದಿಗೂ ಇದೆ.

ಲಿಸ್ಪ್ ಭಾಷೆಯದು ಇನ್ನೂ ಹಳೆಯ ಸಂಗತಿ. ಪಟ್ಟಿಯ ಮೊದಲನೆಯದನ್ನು ಕೊಡುವ ಫಂಕ್ಷನ್ 'ಕಾರ್', ಉಳಿದದ್ದನ್ನು ಕೊಡುವುದು 'ಕುಡರ್'. ಇವು 1950ರ ದಶಕದ ಐಬಿಎಂ 704 ಯಂತ್ರದ ಭಾಗಗಳ ಹೆಸರಿನ ಮೊದಲಕ್ಷರಗಳು. ಆ ಯಂತ್ರದ 36 ಬಿಟ್‌ಗಳ ಪದದಲ್ಲಿ 'ಅಡ್ರೆಸ್' ಎಂಬ ಭಾಗವೊಂದು, 'ಡಿಕ್ರಿಮೆಂಟ್' ಎಂಬ ಭಾಗವೊಂದು ಇತ್ತು; ಹೆಸರಿನೊಳಗಿನ 'ಎ' ಮತ್ತು 'ಡಿ' ಅವೇ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಜೊತೆ ವಿಲೀನವಾಗಿ ಹೋದರೂ ಬೆಂಗಳೂರಿನ ಕಂಡಕ್ಟರ್ ಇಂದಿಗೂ 'ಮೈಸೂರ್ ಬ್ಯಾಂಕ್' ಎಂದೇ ಕೂಗುತ್ತಾನೆ, ಇಳಿಯುವವರು ಇಳಿಯುತ್ತಾರೆ. ಕಾರ್, ಕುಡರ್ ಕೂಡ ಹಾಗೆಯೇ ಉಳಿದುಕೊಂಡವು. ಮೇಲಾಗಿ ಅವನ್ನು ಒಂದರೊಳಗೊಂದು ಹೆಣೆದು 'ಕ್ಯಾಡರ್' ಎಂದರೆ ಎರಡನೆಯದು, 'ಕ್ಯಾಡಡರ್' ಎಂದರೆ ಮೂರನೆಯದು ಎಂದು ಹೊಸ ಹೆಸರು ಮಾಡಿಕೊಳ್ಳಬಹುದು. 'ಫಸ್ಟ್', 'ರೆಸ್ಟ್' ಎಂಬ ಒಳ್ಳೆಯ ಹೆಸರುಗಳು ಆಮೇಲೆ ಬಂದರೂ ಅವಕ್ಕೆ ಈ ಹೆಣಿಗೆಯ ಸೌಲಭ್ಯವಿಲ್ಲ.

ಇಷ್ಟು ಹೊತ್ತು ಹೇಳಿದ ಹೆಸರುಗಳನ್ನು ಕಂಡು ನಗುವುದು ಸುಲಭ. ಎಷ್ಟೋ ಸಭೆಗಳಲ್ಲಿ ಪಿಎಚ್‌ಪಿ ಹೆಸರೆತ್ತಿದರೇ ನಗು ಬರುತ್ತದೆ. ಆದರೆ ನಾನು ಇವುಗಳ ಮೇಲೆ ದೂರು ಹೇಳಲು ಬಂದಿಲ್ಲ. 'ಕಾರ್' ಎಂಬ ಹೆಸರಿಗೆ ಅರ್ಥವಿಲ್ಲ, ಹಾಗಾಗಿ ಅದು ಸುಳ್ಳನ್ನೂ ಹೇಳುವುದಿಲ್ಲ. ಕಲಿಯುವ ದಿನ ಒಮ್ಮೆ ಕಾಡುತ್ತದೆ, ಆಮೇಲೆ ಕೈಗೆ ಹತ್ತುತ್ತದೆ. ಅರ್ಥವಿರುವ, ಓದಿದ ಕೂಡಲೇ ಅರ್ಥವಾದಂತೆನಿಸುವ, ಆದರೆ ಆ ಅರ್ಥದಂತೆ ನಡೆಯದ ಹೆಸರು ಬೇರೆ ಜಾತಿಯದು. ಅದು ಬಳಸಿದಾಗಲೆಲ್ಲ ಕಾಡುತ್ತದೆ, ಇಪ್ಪತ್ತು ವರ್ಷ ಅನುಭವ ಇದ್ದವರನ್ನೂ ಬಿಡುವುದಿಲ್ಲ. ಮಾತಿನ ಉಳಿದ ಭಾಗ ಅಂಥ ಹೆಸರುಗಳ ಬಗ್ಗೆ.

ಮೊದಲು ಸಿ++. ಅದರಲ್ಲಿ ಪಟ್ಟಿಗಳಿಗೆ 'ಎಂಪ್ಟಿ' ಎಂಬ ಫಂಕ್ಷನ್ ಇದೆ. ಇಂಗ್ಲಿಷಿನಲ್ಲಿ ಆ ಪದ ಗುಣವಾಚಕವೂ ಹೌದು, ಕ್ರಿಯಾಪದವೂ ಹೌದು. ಫಂಕ್ಷನ್ ಮಾಡುವುದು ಪ್ರಶ್ನೆ ಕೇಳುವ ಕೆಲಸ: ಪಟ್ಟಿ ಖಾಲಿಯೋ ಅಲ್ಲವೋ. ಖಾಲಿ ಮಾಡುವುದಕ್ಕೆ 'ಕ್ಲಿಯರ್' ಎಂಬ ಬೇರೆ ಫಂಕ್ಷನ್ ಇದೆ. ಖಾಲಿಯಾಗುತ್ತದೆಂದು 'ಎಂಪ್ಟಿ' ಬರೆದು ಮುಂದೆ ಹೋದರೆ ಕಂಪೈಲರ್ ತಕರಾರು ಎತ್ತುತ್ತಿರಲಿಲ್ಲ. ಹೌದು-ಅಲ್ಲ ಎಂಬ ಉತ್ತರ ಬಂದು, ಕೇಳುವವರಿಲ್ಲದೆ ಗಾಳಿಯಲ್ಲಿ ಹೋಗುತ್ತಿತ್ತು, ಪಟ್ಟಿ ತುಂಬಿಯೇ ಇರುತ್ತಿತ್ತು. ಸಿ++20ರಲ್ಲಿ ಇದಕ್ಕೊಂದು ಗುರುತು ಹಚ್ಚಿದರು. ಉತ್ತರವನ್ನು ಬಳಸದೆ ಬಿಟ್ಟರೆ ಕಂಪೈಲರ್ ಈಗ ಎಚ್ಚರಿಸುತ್ತದೆ. ಹೆಸರನ್ನು ಬದಲಾಯಿಸಲು ಆಗಲಿಲ್ಲ, ಅದರ ಪಕ್ಕದಲ್ಲಿ ಒಬ್ಬ ಕಾವಲುಗಾರನನ್ನು ನಿಲ್ಲಿಸಿದರು. ಸ್ಕೀಮ್ ಭಾಷೆಯವರು ಈ ಗೊಂದಲವನ್ನು ಮೊಳಕೆಯಲ್ಲೇ ಚಿವುಟಿದ್ದರು. ಪ್ರಶ್ನೆ ಕೇಳುವ ಫಂಕ್ಷನ್ ಹೆಸರಿನ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೊಟ್ಟದ್ದನ್ನೇ ಬದಲಾಯಿಸುವ ಫಂಕ್ಷನ್ ಹೆಸರಿನ ಕೊನೆಯಲ್ಲಿ ಆಶ್ಚರ್ಯಸೂಚಕ. ರೂಬಿ ಇದನ್ನು ಎತ್ತಿಕೊಂಡಿತು. ಉಳಿದ ದೊಡ್ಡ ಭಾಷೆಗಳು ಏಕೆ ಎತ್ತಿಕೊಳ್ಳಲಿಲ್ಲವೋ, ನನಗಂತೂ ಬೇಸರ.

ಕೊಟ್ಟದ್ದನ್ನೇ ಬದಲಾಯಿಸುತ್ತದೆಯೋ, ಹೊಸದನ್ನು ಮಾಡಿಕೊಡುತ್ತದೆಯೋ ಎನ್ನುವುದು ಫಂಕ್ಷನ್ ಬಗ್ಗೆ ತಿಳಿಯಬೇಕಾದ ಮೊದಲ ವಿಷಯಗಳಲ್ಲಿ ಒಂದು. ಪೈಥಾನ್‌ನಲ್ಲಿ ಪಟ್ಟಿಯ 'ಸಾರ್ಟ್' ಇರುವ ಪಟ್ಟಿಯನ್ನೇ ಜೋಡಿಸುತ್ತದೆ, ಉತ್ತರವಾಗಿ ಏನನ್ನೂ ಕೊಡುವುದಿಲ್ಲ. ಹೊಸಬರು ಇದನ್ನು ಬಯ್ಯುತ್ತಾರೆ. ಆದರೆ ಪೈಥಾನ್ ಸೃಷ್ಟಿಸಿದ ಗೀಡೊ ವಾನ್ ರೋಸಮ್ ಇದನ್ನು ಬೇಕೆಂದೇ ಹೀಗೆ ಇಟ್ಟರು. ಉತ್ತರ ಬರದಿದ್ದರೆ, ಮೂಲ ಪಟ್ಟಿಯೇ ಬದಲಾಗಿದೆ ಎಂಬುದು ಬರೆಯುವವನ ಗಮನಕ್ಕೆ ಬರಲೇಬೇಕು. 2004ರ ಪೈಥಾನ್ 2.4ರಲ್ಲಿ ಜೊತೆಗಾರನಾಗಿ 'ಸಾರ್ಟೆಡ್' ಬಂತು. ಅದು ಮೂಲವನ್ನು ಮುಟ್ಟದೆ, ಜೋಡಿಸಿದ ಹೊಸ ಪಟ್ಟಿಯನ್ನು ಕೊಡುತ್ತದೆ. ಒಂದು ಕ್ರಿಯಾಪದ, ಇನ್ನೊಂದು ಕೃದಂತ, 'ಜೋಡಿಸು', 'ಜೋಡಿಸಿದ'. ವ್ಯಾಕರಣವೇ ಕೆಲಸ ಮುಗಿಸಿತು. ಜಾವಾಸ್ಕ್ರಿಪ್ಟ್‌ನಲ್ಲಿ 'ಸಾರ್ಟ್' ಮೂಲವನ್ನೂ ಬದಲಾಯಿಸುತ್ತದೆ, ಅದೇ ಪಟ್ಟಿಯನ್ನು ಉತ್ತರವಾಗಿಯೂ ಕೊಡುತ್ತದೆ. ಹಾಗಾಗಿ ನೋಡುವವನಿಗೆ ಹೊಸದು ಬಂದಂತೆ ಕಾಣುತ್ತದೆ. ಅಲ್ಲಿ 'ಟುಸಾರ್ಟೆಡ್' ಬಂದದ್ದು 2023ರಲ್ಲಿ. ಜೊತೆಗೆ ಇನ್ನೊಂದು ವಿಚಿತ್ರ: ಆ 'ಸಾರ್ಟ್'ಗೆ 80, 9, 100 ಕೊಟ್ಟು ಬೇರೇನೂ ಹೇಳದಿದ್ದರೆ 100, 80, 9 ಎಂದು ಜೋಡಿಸುತ್ತದೆ. ಸಂಖ್ಯೆಗಳನ್ನು ಅಕ್ಷರಗಳಂತೆ ಓದಿ, ಒಂದು, ಎಂಟು, ಒಂಬತ್ತು ಎಂಬ ಮೊದಲ ಅಂಕಿಯ ಮೇಲೆ ಸಾಲು ಹಚ್ಚುತ್ತದೆ.

ಒಂದು ಫಂಕ್ಷನ್ ಎರಡು ಪ್ರಶ್ನೆಗೆ ಉತ್ತರ ಕೊಡಲು ಹೊರಟಾಗ ಏನಾಗುತ್ತದೆ ಎನ್ನುವುದಕ್ಕೆ ಪಿಎಚ್‌ಪಿಯ 'ಸ್ಟ್ರ್‌ಪಾಸ್' ನೋಡಿ. ಅದು ಒಂದು ಪದ ಇನ್ನೊಂದರೊಳಗೆ ಎಲ್ಲಿದೆ ಎಂದು ಹೇಳುತ್ತದೆ. ಎಣಿಕೆ ಸೊನ್ನೆಯಿಂದ. ಸಿಗದಿದ್ದರೆ 'ಫಾಲ್ಸ್' ಎನ್ನುತ್ತದೆ. ಈಗ 'ಕನ್ನಡ' ಪದದಲ್ಲಿ 'ಕ' ಹುಡುಕಿ. ಮೊದಲಲ್ಲೇ ಸಿಕ್ಕಿತು, ಉತ್ತರ ಸೊನ್ನೆ. ಪಿಎಚ್‌ಪಿಯ ಸಡಿಲ ಹೋಲಿಕೆಯಲ್ಲಿ ಸೊನ್ನೆಯೂ ಫಾಲ್ಸೂ ಒಂದೇ. ಕಣ್ಣೆದುರಿಗೇ ಇರುವ 'ಕ' ಇಲ್ಲವೆಂದು ತೀರ್ಮಾನವಾಯಿತು. ಹೋಲಿಸಲು ಮೂರು ಸಮಚಿಹ್ನೆಗಳನ್ನು ಬಳಸಿ ಎಂದು ಕೈಪಿಡಿಯಲ್ಲಿ ಎಚ್ಚರಿಕೆ ಇದೆ. ಆದರೆ ಬರೆಯುವವರಲ್ಲಿ ಹೆಚ್ಚಿನವರಿಗೆ 'ಎಲ್ಲಿದೆ' ಎಂಬುದು ಬೇಕೇ ಇರಲಿಲ್ಲ, 'ಇದೆಯೋ ಇಲ್ಲವೋ' ಎಂಬುದಷ್ಟೇ ಬೇಕಿತ್ತು. ಆ ಪ್ರಶ್ನೆಗೆ ಅದರದ್ದೇ ಹೆಸರಿನ ಫಂಕ್ಷನ್, 'ಸ್ಟ್ರ್_ಕಂಟೇನ್ಸ್', ಬಂದದ್ದು 2020ರ ಪಿಎಚ್‌ಪಿ 8ರಲ್ಲಿ. ಪೈಥಾನ್‌ನ 'ಫೈಂಡ್' ಸಿಗದಿದ್ದರೆ −1 ಕೊಡುತ್ತದೆ. ಅದೇ ಭಾಷೆಯಲ್ಲಿ −1 ಎಂದರೆ ಕೊನೆಯ ಸ್ಥಾನ! ಸಿಗಲಿಲ್ಲ ಎಂಬ ಉತ್ತರವನ್ನೇ ಸ್ಥಾನವೆಂದು ಬಳಸಿದರೆ ಕೊನೆಯ ಅಕ್ಷರ ಸಲೀಸಾಗಿ ಕೈಗೆ ಬರುತ್ತದೆ.

ಈಗ ನಮ್ಮ ಲಿಪಿಗೆ ಬರೋಣ. ಆಮಂತ್ರಣ ಕಳಿಸುವ ಪಟ್ಟಿಯೊಂದಿದೆ ಎಂದುಕೊಳ್ಳಿ, ಪ್ರತಿ ಹೆಸರಿನ ಮೊದಲು 'ಶ್ರೀ' ಇದೆ. ಅದನ್ನು ತೆಗೆದು ಹೆಸರನ್ನಷ್ಟೇ ಉಳಿಸಬೇಕು. ಪೈಥಾನ್ ಕಲಿತ ಹುಡುಗ 'ಎಲ್‌ಸ್ಟ್ರಿಪ್' ಎಂಬ ಫಂಕ್ಷನ್ ಹಿಡಿಯುತ್ತಾನೆ. ಎಡಗಡೆಯಿಂದ ಸುಲಿಯುವುದು ಎಂದು ಅದರರ್ಥ. ಸುಲಿಯಬೇಕಾದ್ದು 'ಶ್ರೀ' ಮತ್ತು ಒಂದು ಖಾಲಿ ಜಾಗ ಎಂದು ಹೇಳುತ್ತಾನೆ. 'ಶ್ರೀ ಗಣೇಶ' ಕೊಟ್ಟರೆ 'ಗಣೇಶ' ಬರುತ್ತದೆ. 'ಶ್ರೀ ಮಂಜುನಾಥ' ಕೊಟ್ಟರೆ 'ಮಂಜುನಾಥ'. ಹುಡುಗನಿಗೆ ಸಮಾಧಾನ. 'ಶ್ರೀ ರಮೇಶ' ಕೊಟ್ಟರೆ 'ಮೇಶ' ಬರುತ್ತದೆ. 'ಶ್ರೀ ರವಿ' ಬರೀ 'ವಿ' ಆಗುತ್ತಾನೆ. 'ಶ್ರೀ ಶರತ್' ಎಂಬವರಿಗೆ ಉಳಿಯುವುದು 'ತ್' ಮಾತ್ರ.

ಆದದ್ದಿಷ್ಟು. ಆ ಫಂಕ್ಷನ್‌ಗೆ 'ಶ್ರೀ' ಒಂದು ಪದವಲ್ಲ. ಅದು ಶ, ಸ್ವರ ಅಳಿಸುವ 'ವಿರಾಮ', ರ, ಈಕಾರದ ಚಿಹ್ನೆ ಎಂಬ ನಾಲ್ಕು ಸಂಕೇತಗಳು; ಖಾಲಿ ಜಾಗವೂ ಸೇರಿ ಐದರ ಗುಂಪು. ಎಡಗಡೆಯಿಂದ ಆ ಗುಂಪಿನ ಯಾವುದೇ ಸದಸ್ಯ, ಯಾವುದೇ ಅನುಕ್ರಮದಲ್ಲಿ, ಎಷ್ಟು ಸಲ ಸಿಕ್ಕರೂ ಕಿತ್ತುಹಾಕುತ್ತದೆ. ಗುಂಪಿನ ಹೊರಗಿನವರು ಸಿಕ್ಕಾಗ ನಿಲ್ಲುತ್ತದೆ. ರಮೇಶನ 'ರ' ಹೋದದ್ದು ಹಾಗೆ. ಇದು ಕನ್ನಡದ ತೊಡಕಲ್ಲ, ಇಂಗ್ಲಿಷಿನಲ್ಲೂ ಹೀಗೆಯೇ ಆಗುತ್ತದೆ. ಫಂಕ್ಷನ್ ತನ್ನ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದುಕೊಂಡಿದೆ, ತಪ್ಪಿಲ್ಲ. ಹೆಸರು ಮಾತ್ರ ಬೇರೆಯದನ್ನು ಹೇಳುತ್ತದೆ. ಹೆಚ್ಚಿನ ಹೆಸರುಗಳಿಗೆ ಸರಿಯಾದ ಉತ್ತರವೇ ಬರುವುದರಿಂದ ಪರೀಕ್ಷೆಯಲ್ಲೂ ಸಿಕ್ಕಿಬೀಳುವುದಿಲ್ಲ. ಮತ್ತೆ ಮತ್ತೆ ದೂರು ಬಂದು, 2020ರ ಪೈಥಾನ್ 3.9ರಲ್ಲಿ 'ರಿಮೂವ್‌ಪ್ರಿಫಿಕ್ಸ್', 'ರಿಮೂವ್‌ಸಫಿಕ್ಸ್' ಎಂಬ ಎರಡು ಫಂಕ್ಷನ್‌ಗಳನ್ನು ಸೇರಿಸಿದರು. ಹೆಸರು ಉದ್ದ, ಚೆಂದವೂ ಇಲ್ಲ. ಆದರೆ ಯಾರನ್ನೂ ದಾರಿ ತಪ್ಪಿಸುವುದಿಲ್ಲ. 'ಟ್ರಿಮ್' ಎಂದೋ ಮತ್ತೇನೆಂದೋ ಚುಟುಕಾಗಿ ಇಟ್ಟಿದ್ದರೆ ಹಳೆಯ ಗೊಂದಲವೇ ಹೊಸ ವೇಷದಲ್ಲಿ ಬರುತ್ತಿತ್ತು.

ಇನ್ನು ಬಿಲ್ಟ್-ಇನ್‌ಗಳಲ್ಲೆಲ್ಲ ಅತಿ ಸರಳವೆಂದು ಎಲ್ಲರೂ ನಂಬಿರುವ ಫಂಕ್ಷನ್: ಉದ್ದ. ಪಟ್ಟಿಯ ಉದ್ದ ಕೇಳುವುದರಲ್ಲಿ ಗೊಂದಲವಿಲ್ಲ. ಹೆಸರಿನ ಜಗಳವಿದೆ ಅಷ್ಟೆ. ಜಾವಾದಲ್ಲಿ ಅರೇಗೆ 'ಲೆಂಗ್ತ್', ಸ್ಟ್ರಿಂಗ್‌ಗೆ ಆವರಣ ಚಿಹ್ನೆ ಸೇರಿಸಿದ 'ಲೆಂಗ್ತ್', ಇತರ ಸಂಗ್ರಹಗಳಿಗೆ 'ಸೈಜ್'. ಜಾವಾ ಕಲಿಸಿದವರಿಗೆ ಈ ಮೂರರ ಸಂಕಟ ಗೊತ್ತು. ಪೈಥಾನ್ ಎಲ್ಲಕ್ಕೂ 'ಲೆನ್' ಒಂದನ್ನೇ ಇಟ್ಟಿತು. ಅದನ್ನು ವಸ್ತುವಿನ ಬಾಲಕ್ಕೆ ಕಟ್ಟದೆ ಮುಂದೆ ಇಟ್ಟದ್ದೇಕೆ ಎಂದು ಇಂದಿಗೂ ಕೇಳುತ್ತಾರೆ. 'ಲೆನ್' ಎಂದು ಕಂಡ ಕೂಡಲೇ ಯಾವುದೋ ಒಂದರ ಉದ್ದ ಕೇಳುತ್ತಿದ್ದಾರೆ, ಬರುವುದು ಪೂರ್ಣಾಂಕ, ಎರಡೂ ಓದುಗನಿಗೆ ತಿಳಿದುಹೋಗಬೇಕು ಎನ್ನುವುದು ವಾನ್ ರೋಸಮ್ ಅವರ ಉತ್ತರ. ನನಗೆ ಒಪ್ಪಿಗೆಯಾದ ಉತ್ತರ.

ಆದರೆ ಪದದ ಉದ್ದ? 'ಕರ್ನಾಟಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಗೋ ಭಾಷೆಯ 'ಲೆನ್' ಕೇಳಿದರೆ 21. ಪೈಥಾನ್‌ನ 'ಲೆನ್' ಕೇಳಿದರೆ 7. ಜಾವಾಸ್ಕ್ರಿಪ್ಟೂ 7 ಎನ್ನುತ್ತದೆ. ಯುನಿಕೋಡ್‌ನ ಮೂಲ ನಿಯಮದಂತೆ ಗ್ರಾಫೀಮ್ ಎಣಿಸಿದರೆ 5. ಎರಡನೇ ಕ್ಲಾಸಿನ ಮಗುವನ್ನು ಕೇಳಿದರೆ ಬೆರಳು ಮಡಿಸಿ 4 ಎನ್ನುತ್ತದೆ: ಕ, ರ್ನಾ, ಟ, ಕ.

ಒಂದೊಂದೂ ಸರಿಯೇ. ಗೋ ಎಣಿಸುವುದು ಬೈಟ್‌ಗಳನ್ನು. ಸಂಕೇತಗಳನ್ನು ಬೈಟ್‌ಗಳಾಗಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್. ಪೈಥಾನ್ ಎಣಿಸುವುದು ಯುನಿಕೋಡ್ ಸಂಕೇತಗಳನ್ನು: ಕ, ರ, ವಿರಾಮ, ನ, ಆಕಾರದ ಚಿಹ್ನೆ, ಟ, ಕ. ಜಾವಾಸ್ಕ್ರಿಪ್ಟ್ ಎಣಿಸುವುದು ಹದಿನಾರು ಬಿಟ್‌ನ ತುಂಡುಗಳನ್ನು. ಕನ್ನಡಕ್ಕೆ ಅದೂ ಇದೂ ಒಂದೇ ಲೆಕ್ಕ ಬಂದರೂ, ನಗುವ ಎಮೋಜಿ ಒಂದಕ್ಕೆ ಅದು 2 ಎನ್ನುತ್ತದೆ. ಗ್ರಾಫೀಮ್ ಎಂದರೆ ಅಕ್ಷರಕ್ಕೆ ಅಂಟಿದ ಚಿಹ್ನೆಗಳನ್ನೂ ಸೇರಿಸಿ ಒಂದೆಂದು ಎಣಿಸುವ ಘಟಕ; ಆ ಲೆಕ್ಕದಲ್ಲಿ 'ರ್' ಒಂದು, 'ನಾ' ಇನ್ನೊಂದು ಎಂದು ಒತ್ತಕ್ಷರ ಎರಡಾಗುತ್ತದೆ. ಮಗು ಎಣಿಸಿದ್ದು ಅಕ್ಷರಗಳನ್ನು. ಐದು ಬಗೆಯ ಎಣಿಕೆಗೆ ಹೆಸರು ಮಾತ್ರ 'ಉದ್ದ' ಎಂಬ ಒಂದೇ. ಈ ಹೆಸರು ಮೊದಲು ರೂಢಿಗೆ ಬಂದ ಕಾಲಕ್ಕೆ, ಇಟ್ಟವರ ಎದುರಿಗಿದ್ದ ಇಂಗ್ಲಿಷ್ ಪಠ್ಯದಲ್ಲಿ ಬೈಟ್, ಸಂಕೇತ, ಅಕ್ಷರ ಮೂರೂ ಒಂದೇ ಆಗಿದ್ದವು. ಬೇರೆ ಬೇರೆ ಎಂದು ತೋರಿಸಲು ನಮ್ಮಂಥ ಲಿಪಿಗಳು ಬರಬೇಕಾಯಿತು.

ಇದು ಪಂಡಿತರ ತಕರಾರಲ್ಲ. ಒರಾಕಲ್ ಡೇಟಾಬೇಸಿನಲ್ಲಿ ಹೆಸರಿನ ಅಂಕಣಕ್ಕೆ 20 ಎಂದು ಅಳತೆ ಕೊಟ್ಟು, ಬೇರೇನೂ ಹೇಳದಿದ್ದರೆ ಅದು 20 ಬೈಟ್. ಯುಟಿಎಫ್-8ರಲ್ಲಿ 'ಕರ್ನಾಟಕ' ಅದರೊಳಗೆ ಹಿಡಿಸುವುದಿಲ್ಲ, ಒಂದು ಬೈಟ್ ಹೆಚ್ಚಾಯಿತು! ಪದವನ್ನು ತಿರುಗಿಸುವುದು ಪ್ರೋಗ್ರಾಮಿಂಗ್ ಕಲಿಯುವವರ ಮೊದಲ ಪಾಠಗಳಲ್ಲಿ ಒಂದು. 'ಕರ್ನಾಟಕ'ವನ್ನು ಸಂಕೇತ ಸಂಕೇತವಾಗಿ ತಿರುಗಿಸಿದರೆ 'ಕಟಾನ್ರಕ' ಆಗುತ್ತದೆ. ನ-ದ ದೀರ್ಘ ಹೋಗಿ ಟ-ಗೆ ಅಂಟಿತು, ರಕಾರ ಒತ್ತಾಯಿತು. ಅನುಕ್ರಮದ ಕಥೆಯೂ ಇಷ್ಟೇ. ಯುನಿಕೋಡ್ ಪಟ್ಟಿಯಲ್ಲಿ 'ಳ' ಕೂತಿರುವುದು 'ಲ' ಮತ್ತು 'ವ' ನಡುವೆ. ನಮ್ಮ ವರ್ಣಮಾಲೆಯಲ್ಲಿ ಅದು 'ಹ' ಆದ ಮೇಲೆ. ಬರೀ 'ಸಾರ್ಟೆಡ್' ಎಂದರೆ 'ಬಳೆ' ಮೊದಲು, 'ಬವಣೆ' ಆಮೇಲೆ. ನಿಘಂಟಿನಲ್ಲಿ ಹುಡುಕುವವರಿಗೆ ಇದು ಉಲ್ಟಾ. ಕನ್ನಡದ ಅನುಕ್ರಮ ಬೇಕಾದರೆ ಅದಕ್ಕೆಂದೇ ಇರುವ ಬೇರೆ ಸೌಲಭ್ಯವನ್ನು ಕೇಳಿ ಪಡೆಯಬೇಕು.

ಹೊಸ ಭಾಷೆಗಳು ಇಲ್ಲಿ ಸ್ವಲ್ಪ ಪಾಠ ಕಲಿತಿವೆ. ರಸ್ಟ್‌ನಲ್ಲಿ 'ಲೆನ್' ಬೈಟ್ ಎಣಿಸುತ್ತದೆ, ಸಂಕೇತ ಬೇಕೆಂದರೆ 'ಚಾರ್ಸ್' ಎಂದು ಕೇಳಿ ಆಮೇಲೆ 'ಕೌಂಟ್' ಎನ್ನಬೇಕು. ಏನನ್ನು ಎಣಿಸುತ್ತಿದ್ದೇನೆಂದು ಬಾಯಿಬಿಟ್ಟು ಹೇಳದೆ ಗತಿಯಿಲ್ಲ. ಸ್ವಿಫ್ಟ್ 'ಉದ್ದ' ಎಂಬ ಪದವನ್ನೇ ಬಿಟ್ಟು 'ಕೌಂಟ್' ಎಂದಿತು, ಗ್ರಾಫೀಮ್ ಎಣಿಸಿತು. ನಮ್ಮ ಮಗುವಿನ ನಾಲ್ಕಕ್ಕೆ ಅದೂ ಮುಟ್ಟುವುದಿಲ್ಲ, ಆದರೂ ಇಪ್ಪತ್ತೊಂದಕ್ಕಿಂತ ಬಹಳ ಹತ್ತಿರ. ಕೂಡಲೇ ಹೇಳಬೇಕು, ಎಲ್ಲ ಕೆಲಸಕ್ಕೂ ಮಗುವಿನ ಲೆಕ್ಕವೇ ಬೇಕೆಂದಲ್ಲ. ಫೈಲಿಗೆ ಬರೆಯುವವನಿಗೆ ಬೈಟೇ ಬೇಕು. ಯಾವುದು ಎಂಬುದನ್ನು ಹೆಸರು ಹೇಳಲಿ ಎನ್ನುವುದಷ್ಟೇ ನನ್ನ ಹಟ.

ತಪ್ಪೆಂದು ಗೊತ್ತಾದ ಮೇಲೆ ಬದಲಾಯಿಸಬಾರದೇ ಎಂದು ನೀವು ಕೇಳಬಹುದು. ಜಾವಾಸ್ಕ್ರಿಪ್ಟ್‌ನ 'ಗೆಟ್‌ಇಯರ್' ವರ್ಷದಿಂದ 1900 ಕಳೆದು ಕೊಡುತ್ತಿತ್ತು. ಜಾವಾದಿಂದ ಅವಸರದಲ್ಲಿ ಎತ್ತಿಕೊಂಡದ್ದು. 2000ನೇ ಇಸವಿಯ ಜನವರಿಯಲ್ಲಿ ಅದು 100 ಎಂದಿತು, ಮುಂದೆ '19' ಅಂಟಿಸಿಕೊಂಡಿದ್ದ ಎಷ್ಟೋ ಜಾಲತಾಣಗಳಲ್ಲಿ ವರ್ಷ 19100 ಎಂದು ಮೂಡಿತು. 'ಗೆಟ್‌ಫುಲ್‌ಇಯರ್' ಎಂಬ ಸರಿಯಾದ ಫಂಕ್ಷನ್ ಅಷ್ಟರಲ್ಲಾಗಲೇ ಬಂದಿತ್ತು. ಹಳೆಯದನ್ನು ಕೀಳಲಿಲ್ಲ, ಅದು ಇಂದಿಗೂ ಇದೆ. ಕಿತ್ತರೆ ಯಾರದೋ ಪುಟ ಮುರಿಯುತ್ತದೆ.

ಇನ್ನೂ ಬಳಕೆಗೇ ಬಾರದ ಹೆಸರೂ ಹೀಗೆ ಕೈತಪ್ಪಬಹುದು. 2018ರಲ್ಲಿ ಜಾವಾಸ್ಕ್ರಿಪ್ಟ್‌ಗೆ, ಪಟ್ಟಿಯೊಳಗಿನ ಪಟ್ಟಿಗಳನ್ನು ಬಿಡಿಸಿ ಒಂದೇ ಸಾಲಾಗಿ ಹಾಸುವ 'ಫ್ಲಾಟನ್' ಫಂಕ್ಷನ್ ಸೇರಿಸುವ ಪ್ರಸ್ತಾವ ಇತ್ತು. ಫೈರ್‌ಫಾಕ್ಸ್‌ನ ಪ್ರಾಯೋಗಿಕ ಆವೃತ್ತಿಯಲ್ಲಿ ಹಾಕಿ ನೋಡಿದರೆ ಜನಪ್ರಿಯ ತಾಣವೊಂದು ಮುರಿದುಬಿತ್ತು. ಮೂಟೂಲ್ಸ್ ಎಂಬ ಹಳೆಯ ಲೈಬ್ರರಿ ಅದೇ ಹೆಸರಿನ ತನ್ನ ಫಂಕ್ಷನ್ನನ್ನು ಭಾಷೆಯ ಪಟ್ಟಿಗಳಿಗೇ ಅಂಟಿಸಿಟ್ಟಿತ್ತು, ಭಾಷೆಯದ್ದು ಬಂದ ಕೂಡಲೇ ಅದರ ಲೆಕ್ಕ ತಪ್ಪಿತು. ಹಾಗಾದರೆ 'ಸ್ಮೂಶ್' ಎಂದಿಡೋಣ ಎಂದು ಭಾಷೆಯ ಮಾನಕ ಸಮಿತಿಯವರೊಬ್ಬರು ತಮಾಷೆ ಮಾಡಿದರು, ಜಗತ್ತು ಅದನ್ನು ನಿಜವೆಂದು ನಂಬಿ ಗಲಾಟೆ ಎಬ್ಬಿಸಿತು. ಕೊನೆಗೆ 'ಫ್ಲಾಟ್' ಎಂದಾಯಿತು. ಅದು ಗುಣವಾಚಕ, ಒಳ್ಳೆಯ ಕ್ರಿಯಾಪದವನ್ನು ಯಾರೋ ಎಂದೋ ಬರೆದ ಲೈಬ್ರರಿಗಾಗಿ ಬಿಟ್ಟುಕೊಟ್ಟರು. ನನ್ನ ಅಭಿಪ್ರಾಯ ಕೇಳಿದರೆ, ಬಿಟ್ಟುಕೊಟ್ಟದ್ದೇ ಸರಿ. ಹಳೆಯ ಪುಟವನ್ನು ತೆರೆದು ನೋಡುವವನಿಗೆ ವ್ಯಾಕರಣದ ಶುದ್ಧಿಗಿಂತ ಪುಟ ಕಾಣುವುದು ಮುಖ್ಯ.

ಕಿತ್ತೆಸೆದ ಉದಾಹರಣೆ ಇಲ್ಲವೆಂದಲ್ಲ. ಸಿ ಭಾಷೆಯ 'ಗೆಟ್ಸ್' ಒಂದು ಸಾಲನ್ನು ಓದಿಕೊಳ್ಳುತ್ತಿತ್ತು, ಓದಿದ್ದನ್ನು ಇಡಲು ಎಷ್ಟು ಜಾಗ ಇದೆ ಎಂದು ಕೇಳುತ್ತಲೇ ಇರಲಿಲ್ಲ. ಉದ್ದದ ಸಾಲು ಬಂದರೆ ಪಕ್ಕದ ನೆನಪಿನ ಮೇಲೂ ಬರೆಯುತ್ತಿತ್ತು. 1988ರ ನವೆಂಬರಿನಲ್ಲಿ ಇಂಟರ್ನೆಟ್ಟನ್ನು ಕಂಗೆಡಿಸಿದ ಮಾರಿಸ್ ವರ್ಮ್ ಒಳನುಗ್ಗಿದ ದಾರಿಗಳಲ್ಲಿ ಇದೂ ಒಂದು. ಆದರೂ ಮಾನಕದಿಂದ ಅದನ್ನು ತೆಗೆಯಲು 2011 ಆಯಿತು. ಇಲ್ಲಿ ಹೆಸರಿಗಿಂತ ದೊಡ್ಡ ತಪ್ಪು ವಿನ್ಯಾಸದ್ದು. ಎಚ್ಚರದಿಂದ ಬಳಸಲು ಸಾಧ್ಯವೇ ಇಲ್ಲದ ಫಂಕ್ಷನ್‌ಗೆ ಯಾವ ಹೆಸರೂ ಹೊಂದುವುದಿಲ್ಲ. ಪೈಥಾನ್ 2ರ 'ಇನ್‌ಪುಟ್' ಕೂಡ ಅದೇ ದಾರಿಯದು. ಬಳಕೆದಾರ ಟೈಪ್ ಮಾಡಿದ್ದನ್ನು ಅದು ಕೋಡ್ ಎಂದು ತಿಳಿದು ನಡೆಸಿಬಿಡುತ್ತಿತ್ತು. ಬರೀ ಪಠ್ಯ ಕೊಡುವ ನಿರಪಾಯದ ಫಂಕ್ಷನ್‌ಗೆ 'ರಾ_ಇನ್‌ಪುಟ್' ಎಂಬ ಗಡುಸು ಹೆಸರು! ಹೊಸಬರ ಕೈ ಮೊದಲು ಹೋಗುವುದು ಚಿಕ್ಕ ಹೆಸರಿನ ಕಡೆಗೇ. 2008ರ ಪೈಥಾನ್ 3 ಆ ಚಿಕ್ಕ ಹೆಸರನ್ನು ನಿರಪಾಯದ ಫಂಕ್ಷನ್‌ಗೆ ಕೊಟ್ಟಿತು. ಇದಕ್ಕೆ ಪೂರ್ತಿ ಎದುರಿನ ಬುದ್ಧಿವಂತಿಕೆ ರಿಯಾಕ್ಟ್ ಲೈಬ್ರರಿಯದು. ಪುಟದೊಳಗೆ ಎಚ್‌ಟಿಎಂಎಲ್ ಅನ್ನು ಶೋಧಿಸದೆ ತುರುಕುವ ಸೌಲಭ್ಯಕ್ಕೆ ಅವರು ಕೊಟ್ಟ ಹೆಸರು 'ಡೇಂಜರಸ್ಲಿಸೆಟ್‌ಇನ್ನರ್‌ಎಚ್‌ಟಿಎಂಎಲ್'. ಅಪಾಯ ಎಂಬ ಪದವೇ ಹೆಸರಿನ ಮೊದಲಲ್ಲಿ. ಟೈಪ್ ಮಾಡುವಾಗ ಬೆರಳು ನೋಯುತ್ತದೆ, ನೋಯಲಿ ಎಂದೇ ಇಟ್ಟದ್ದು. ಸಹೋದ್ಯೋಗಿಯ ಕೋಡ್ ಪರಿಶೀಲಿಸುವವನ ಕಣ್ಣಿಗೂ ಅದು ತಪ್ಪದೆ ಬೀಳುತ್ತದೆ.

ಹೀಗೆ ಇಟ್ಟ ಹೆಸರನ್ನು ಹಿಂಪಡೆಯುವುದು ಇಷ್ಟು ಕಷ್ಟವೆಂದ ಮೇಲೆ, ಒಳಗೆ ಬಿಡುವ ಮೊದಲೇ ಬಾಗಿಲಲ್ಲಿ ವಿಚಾರಿಸಬೇಕು. ಪಿಎಚ್‌ಪಿಯಲ್ಲಿ ಜೊತೆಗೆ ಬರುವ ಫಂಕ್ಷನ್‌ಗಳು ಸಾವಿರಗಟ್ಟಲೆ, ಪೈಥಾನ್‌ನಲ್ಲಿ ನೇರ ಕೈಗೆ ಸಿಗುವವು ಎಪ್ಪತ್ತರ ಆಸುಪಾಸು. ಪೈಥಾನ್ ಕೆಲವನ್ನು ಹೊರಗೂ ಹಾಕಿದೆ. 'ರೆಡ್ಯೂಸ್' ಎಂಬುದನ್ನು ಓದಿ ಅರ್ಥಮಾಡಿಕೊಳ್ಳಲು ಕಾಗದ-ಪೆನ್ನು ಹಿಡಿಯಬೇಕು, ಅದರ ನಿಜವಾದ ಬಳಕೆ ಬಹುಪಾಲು ಕೂಡುವುದು, ಗುಣಿಸುವುದು ಇಷ್ಟೇ ಎಂದು ವಾನ್ ರೋಸಮ್ ವಾದಿಸಿದರು. 3ನೇ ಆವೃತ್ತಿಯಲ್ಲಿ ಅದು ಒಂದು ಲೈಬ್ರರಿಯೊಳಗೆ ಹೋಯಿತು. ಉಳಿದುಕೊಂಡ 'ಸಮ್' ಸಂಖ್ಯೆಗಳನ್ನು ಕೂಡುತ್ತದೆ. ಪದಗಳನ್ನು ಕೊಟ್ಟು ಒಟ್ಟು ಮಾಡು ಎಂದರೆ ನಿರಾಕರಿಸಿ, ಅದಕ್ಕೆ 'ಜಾಯಿನ್' ಇದೆ, ಅದನ್ನು ಬಳಸು ಎಂದು ದೋಷದ ಸಂದೇಶದಲ್ಲೇ ಹೇಳುತ್ತದೆ. ಕೂಡಲು ಬರುವುದಿಲ್ಲವೆಂದಲ್ಲ, ದೊಡ್ಡ ಪಟ್ಟಿಯಲ್ಲಿ ಹಾಗೆ ಕೂಡುವುದು ಬಹಳ ನಿಧಾನ ಎಂದು. ಇಂಥ ನಿರಾಕರಣೆಯೂ ವಿನ್ಯಾಸವೇ.

ಬಾಗಿಲು ಕಾಯುವುದರಲ್ಲಿ ಗೋ ಭಾಷೆಯವರಷ್ಟು ಜಿಪುಣರು ಯಾರೂ ಇಲ್ಲ. 2009ರಲ್ಲಿ ಭಾಷೆ ಜಗತ್ತಿಗೆ ಬಂದಾಗ ಎರಡು ಪೂರ್ಣಾಂಕಗಳಲ್ಲಿ ದೊಡ್ಡದು ಯಾವುದೆಂದು ಹೇಳುವ ಬಿಲ್ಟ್-ಇನ್ ಇರಲಿಲ್ಲ. ಪ್ರತಿಯೊಬ್ಬರೂ ತಮ್ಮ 'ಮ್ಯಾಕ್ಸ್' ಬರೆದುಕೊಂಡರು, ಲೋಕವೆಲ್ಲ ಅದನ್ನು ಆಡಿಕೊಂಡಿತು. 2023ರ ಆಗಸ್ಟಿನ 1.21 ಆವೃತ್ತಿಯಲ್ಲಿ 'ಮಿನ್', 'ಮ್ಯಾಕ್ಸ್', 'ಕ್ಲಿಯರ್' ಮೂರು ಸೇರಿ ಒಟ್ಟು ಹದಿನೆಂಟಾದವು. ಹಳೆಯ ಕೋಡ್‌ನಲ್ಲಿದ್ದ ಸಾವಿರಾರು ಸ್ವಂತ 'ಮ್ಯಾಕ್ಸ್'ಗಳ ಗತಿ? ಏನೂ ಆಗಲಿಲ್ಲ. ಗೋದಲ್ಲಿ ಬಿಲ್ಟ್-ಇನ್ ಹೆಸರುಗಳು ಮೀಸಲು ಪದಗಳಲ್ಲ; ನೀವು ಅದೇ ಹೆಸರಿನದನ್ನು ಬರೆದುಕೊಂಡಿದ್ದರೆ ನಿಮ್ಮದೇ ನಡೆಯುತ್ತದೆ, ಭಾಷೆಯದು ಸುಮ್ಮನೆ ಬದಿಗೆ ಸರಿಯುತ್ತದೆ. ಹೊಸ ಹೆಸರು ಸೇರಿಸಲು ಜಾಗ ಉಳಿಸಿಕೊಳ್ಳುವುದನ್ನು ಮೊದಲ ದಿನವೇ ಯೋಚಿಸಿದ್ದರು.

'ಕ್ಲಿಯರ್' ಒಳಬಂದ ಕಾರಣ ಇನ್ನೂ ಸ್ವಾರಸ್ಯದ್ದು. ಗೋದ ಮ್ಯಾಪ್ ಎಂಬ ಕೋಷ್ಟಕದಿಂದ ಒಂದೊಂದೇ ಕೀಲಿಯನ್ನು ಹಿಡಿದು ಅಳಿಸುತ್ತ ಹೋಗಬಹುದು. ಆದರೆ 'ಸಂಖ್ಯೆಯಲ್ಲ' ಎಂಬ ವಿಶೇಷ ದಶಮಾಂಶ ಬೆಲೆಯೊಂದಿದೆ, ಅದು ತನಗೆ ತಾನೇ ಸಮವಲ್ಲ. ಅದನ್ನು ಕೀಲಿಯಾಗಿ ಇಟ್ಟರೆ ಮತ್ತೆ ಹುಡುಕಿ ಅಳಿಸಲು ಬರುವುದಿಲ್ಲ, ಸಿಗುವುದೇ ಇಲ್ಲ. ಬಳಕೆದಾರ ಎಷ್ಟು ಜಾಣನಾದರೂ ತಾನೇ ಬರೆದುಕೊಳ್ಳಲಾಗದ ಕೆಲಸ ಅದು. ಬಿಲ್ಟ್-ಇನ್ ಆಗಲು ಇದಕ್ಕಿಂತ ಒಳ್ಳೆಯ ಅರ್ಹತಾಪತ್ರ ನನಗೆ ತೋಚುವುದಿಲ್ಲ. ಆದರೆ 'ಕ್ಲಿಯರ್' ಅನ್ನು ಸ್ಲೈಸ್ ಎಂಬ ಪಟ್ಟಿಗೂ ಕರೆಯಬಹುದು. ಮ್ಯಾಪ್‌ಗೆ ಕರೆದರೆ ಒಳಗಿದ್ದದ್ದೆಲ್ಲ ಹೋಗಿ ಉದ್ದ ಸೊನ್ನೆಯಾಗುತ್ತದೆ. ಸ್ಲೈಸ್‌ಗೆ ಕರೆದರೆ ಪ್ರತಿ ಮನೆಯಲ್ಲೂ ಸೊನ್ನೆ ಬರೆದು, ಪಟ್ಟಿಯ ಉದ್ದವನ್ನು ಇದ್ದಷ್ಟೇ ಬಿಡುತ್ತದೆ. ಒಂದು ಖಾಲಿಯಾಗುತ್ತದೆ, ಇನ್ನೊಂದು ಆಗುವುದಿಲ್ಲ. ಸಿ++ ಓದಿ ಬಂದವನಿಗೆ 'ಕ್ಲಿಯರ್' ಎಂದರೆ ಪಟ್ಟಿಯೂ ಖಾಲಿ. ನಾನು ಆ ಕೋಣೆಯಲ್ಲಿದ್ದಿದ್ದರೆ ಎರಡು ಹೆಸರು ಕೊಡಿ ಎಂದು ಪಟ್ಟು ಹಿಡಿಯುತ್ತಿದ್ದೆ. ಈಗ ಹಿಡಿದು ಫಲವಿಲ್ಲ. 2012ರಲ್ಲಿ ಬಂದ ಗೋ 1ರ ವಚನದ ಪ್ರಕಾರ, ಒಮ್ಮೆ ಒಳಬಂದದ್ದನ್ನು ಅವರು ಮುರಿಯುವುದಿಲ್ಲ.